ಕ್ಯೂಬ್ ಹಗುರಾಯಿತು, ಮಣಿಕಟ್ಟು ಹಗುರಾಗಲಿಲ್ಲ

1974ರ ಏಪ್ರಿಲ್ 1ರಿಂದ ನ್ಯೂಜಿಲೆಂಡಿನಲ್ಲಿ ಅಪಘಾತ ಪರಿಹಾರ ವ್ಯವಸ್ಥೆ ಜಾರಿಗೆ ಬಂತು. ಎಲ್ಲರ ಬಾಯಲ್ಲೂ ಅದು ಎಸಿಸಿ. ಅದೇ ವರ್ಷ ಬುಡಾಪೆಸ್ಟಿನಲ್ಲಿ ವಿನ್ಯಾಸ ಕಲಿಸುತ್ತಿದ್ದ ಎರ್ನೊ ರೂಬಿಕ್ ಮರದ ತುಂಡುಗಳನ್ನು ಜೋಡಿಸಿ ತನ್ನ ಮೊದಲ ತಿರುಗುವ ಘನವನ್ನು ಮಾಡಿದ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡೂ ಇಂದು ನ್ಯೂಜಿಲೆಂಡಿನ ಮನುಕಾವ್, ಪಾಪಟೋಯ್‌ಟೋಯ್ ಕಡೆಯ ಮನೆಗಳಲ್ಲಿ ಎದುರಾಗುತ್ತವೆ. ಶನಿವಾರ ರಗ್ಬಿ ಆಡುತ್ತ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ ಹುಡುಗನ ಚಿಕಿತ್ಸೆಯ ಖರ್ಚಿನ ಬಹುಪಾಲನ್ನು ಎಸಿಸಿ ಹೊರುತ್ತದೆ. ತಿಂಗಳುಗಟ್ಟಲೆ ಕ್ಯೂಬ್ ತಿರುಗಿಸಿ ಅದೇ ಮಣಿಕಟ್ಟು ನೋಯಿಸಿಕೊಂಡ ಅವನ ತಂಗಿಗೆ ಸಾಮಾನ್ಯವಾಗಿ ಆ ನೆರವಿಲ್ಲ. 2001ರ ಅಪಘಾತ ಪರಿಹಾರ ಕಾಯ್ದೆಯ ಲೆಕ್ಕದಲ್ಲಿ ಅಪಘಾತ ಅಂದರೆ ಹೊರಗಿನ ಬಲ ದೇಹದ ಮೇಲೆ ಬಿದ್ದ ಒಂದು ಘಟನೆ. ನಿಧಾನವಾಗಿ ಕೂಡಿ ಬಂದ ಗಾಯಕ್ಕೆ ಪರಿಹಾರ ಸಿಗಬೇಕಾದರೆ ಸಾಮಾನ್ಯವಾಗಿ ಅದು ಉದ್ಯೋಗದಿಂದ ಬಂದದ್ದಾಗಿರಬೇಕು. ಇಂಥ ವ್ಯವಸ್ಥೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಈ ಗೆರೆಯನ್ನು ನೋಡಿ ಹೆತ್ತವರು ‘ಬಿದ್ದಿಲ್ಲ, ಏಟಾಗಿಲ್ಲ, ಇದೇನು ಮಹಾ ನೋವು’ ಅಂದುಕೊಂಡರೆ ಅದು ತಪ್ಪು. ಆಟವೋ ದುಡಿಮೆಯೋ ಎಂಬ ಭೇದ ಮಣಿಕಟ್ಟಿಗೆ ತಿಳಿಯುವುದಿಲ್ಲ. ಅದನ್ನು ಹಾಳುಮಾಡುವುದು ಒಂದೊಂದು ತಿರುವಿನ ಬಲಕ್ಕಿಂತ ಹೆಚ್ಚಾಗಿ, ತಿರುವುಗಳ ನಡುವೆ ಬಿಡುವು ಇಲ್ಲದಿರುವುದು.

ಮೊದಲು ಯಂತ್ರವನ್ನು ನೋಡೋಣ. ಕ್ಯೂಬಿನಲ್ಲಿ ಕಣ್ಣಿಗೆ ಕಾಣುವ ತುಂಡುಗಳು 26: ಮೂಲೆಯವು 8, ಅಂಚಿನವು 12, ನಡುವಿನವು 6. ನಡುವಿನ ಆರು ಮಾತ್ರ ಒಳಗಿನ ತಿರುಳಿಗೆ ಸ್ಕ್ರೂ ಮತ್ತು ಸ್ಪ್ರಿಂಗಿನಿಂದ ಬಿಗಿದಿರುತ್ತವೆ. ಉಳಿದವು ಒಂದರ ಬಗಲಿಗೆ ಇನ್ನೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಎಂಬತ್ತರ ದಶಕದ ಕ್ಯೂಬ್ ಬಿಗಿಯಾಗಿತ್ತು, ಒಂದು ಪದರ ಚೂರು ಓರೆಯಾದರೂ ಮುಂದಿನದು ತಿರುಗುತ್ತಿರಲಿಲ್ಲ. 1982ರಲ್ಲಿ ಬುಡಾಪೆಸ್ಟಿನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯನ್ನು ಮಿನ್ ತಾಯ್ ಗೆದ್ದದ್ದು 22.95 ಸೆಕೆಂಡಿನಲ್ಲಿ. ಇಂದಿನ ಸ್ಪರ್ಧೆಯ ಕ್ಯೂಬಿನಲ್ಲಿ ಪದರಗಳನ್ನು ತಾವಾಗಿ ಸಾಲಿಗೆ ಎಳೆದು ನಿಲ್ಲಿಸುವ ಆಯಸ್ಕಾಂತಗಳಿವೆ, ಒಳಗೆ ಎಣ್ಣೆಯಿದೆ, ಬಿಗಿತವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ಪದರ ಓರೆಯಾಗಿದ್ದರೂ ಮುಂದಿನದು ಜಾರಿಕೊಂಡು ತಿರುಗುತ್ತದೆ. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಬಿಡಿಸಿದ, ಆಮೇಲೆ ಆ ದಾಖಲೆಯೂ ಮುರಿಯಿತು. ಈ ವೇಗದ ಕಥೆಯಲ್ಲಿ ನ್ಯೂಜಿಲೆಂಡಿಗೂ ಒಂದು ಪಾಲಿದೆ. ಎರಡು ಬಾರಿ ವಿಶ್ವ ಚಾಂಪಿಯನ್ ಆದ ಮೆಲ್ಬರ್ನಿನ ಫೆಲಿಕ್ಸ್ ಜೆಮ್‌ಡೆಗ್ಸ್ ಮೊದಲ ಬಾರಿ ಸ್ಪರ್ಧೆಗಿಳಿದದ್ದು 2009ರ ನ್ಯೂಜಿಲೆಂಡ್ ಚಾಂಪಿಯನ್‌ಶಿಪ್‌ನಲ್ಲಿ.

ಇಲ್ಲೇ ಮೊದಲ ಆಕ್ಷೇಪ ಬರುತ್ತದೆ. ಯಂತ್ರ ಇಷ್ಟು ನುಣುಪಾದ ಮೇಲೆ ನೋವು ಕಡಿಮೆಯಾಗಬೇಕಿತ್ತಲ್ಲ? ಬಿಗಿ ಕ್ಯೂಬಿನ ಕಾಲದಲ್ಲಿ, 1981ರಲ್ಲೇ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ‘ಕ್ಯೂಬಿಸ್ಟ್ಸ್ ಥಂಬ್’ ಎಂಬ ಹೆಸರಿನಲ್ಲಿ ಹೆಬ್ಬೆರಳ ನೋವಿನ ವರದಿ ಬಂದಿತ್ತು. ಆದರೆ 1990ರಲ್ಲಿ ಅದೇ ಪತ್ರಿಕೆ ಅಚ್ಚುಹಾಕಿದ ಇನ್ನೊಂದು ವರದಿಯನ್ನೂ ಜೊತೆಗಿಟ್ಟು ನೋಡಬೇಕು. ಗಂಟೆಗಟ್ಟಲೆ ನಿಂಟೆಂಡೋ ಆಡಿ ಹೆಬ್ಬೆರಳು ನೋಯಿಸಿಕೊಂಡ ಮಹಿಳೆಯ ವಿಷಯವದು. ವಿಡಿಯೋ ಗೇಮಿನ ಗುಂಡಿ ಒತ್ತಲು ಎಷ್ಟು ಬಲ ಬೇಕು? ಏನೂ ಇಲ್ಲವೆನ್ನುವಷ್ಟು. ಅಂದಮೇಲೆ ಬಲವೊಂದೇ ಕಾರಣವಲ್ಲ, ಎಣಿಕೆಯೂ ಕಾರಣ. ಕ್ಯೂಬಿನ ಎಣಿಕೆ ಹೀಗಿದೆ: ಸ್ಪರ್ಧಿಗಳು ಹೆಚ್ಚಾಗಿ ಬಳಸುವ ವಿಧಾನದಲ್ಲಿ ಒಂದು ಸಲ ಬಿಡಿಸಲು ಸುಮಾರು 60 ತಿರುವು. ಅದಕ್ಕೆ ಮುಂಚೆ ಕಲಸಲು ಇನ್ನೊಂದು 20. ಟೈಮರ್ ಈ ಇಪ್ಪತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತದೆ. ಒಂದು ಸಂಜೆ ನೂರು ಸಲ ಬಿಡಿಸಿದರೆ ಎಂಟು ಸಾವಿರ ತಿರುವು. ಬಿಗಿ ಕ್ಯೂಬಿನಲ್ಲಿ ಇಷ್ಟು ಸಾಧ್ಯವೇ ಇರಲಿಲ್ಲ, ಅದಕ್ಕೆ ಮುಂಚೆಯೇ ಬೆರಳು ಸೋತು ಕೈ ನಿಲ್ಲುತ್ತಿತ್ತು. ನುಣುಪಾದ ಯಂತ್ರ ಒಂದೊಂದು ತಿರುವಿನ ಭಾರವನ್ನು ಇಳಿಸಿತು, ಜೊತೆಗೆ ‘ಸಾಕು’ ಎಂದು ಹೇಳುತ್ತಿದ್ದ ಆಯಾಸವನ್ನೂ ತೆಗೆದುಹಾಕಿತು.

ಆ ಎಂಟು ಸಾವಿರ ತಿರುವು ಬೀಳುವುದೆಲ್ಲಿ? ಬೆರಳನ್ನು ಮಡಿಸುವ, ಚಾಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಳಕೈ ಕೆಳಗಿನ ಮುಂಗೈಯಲ್ಲಿವೆ. ಅಲ್ಲಿಂದ ಬೆರಳಿನ ತನಕ ಎಳೆತವನ್ನು ಒಯ್ಯುವುದು ಸ್ನಾಯುರಜ್ಜು. ಮಣಿಕಟ್ಟಿನ ಅಂಗೈ ಕಡೆಯ ಇಕ್ಕಟ್ಟಾದ ಸುರಂಗದಲ್ಲಿ ಇಂಥ ಒಂಬತ್ತು ರಜ್ಜುಗಳು ಒಂದು ನರದ ಜೊತೆ ಹಾದುಹೋಗುತ್ತವೆ. ಮಣಿಕಟ್ಟಿನ ಹಿಂಬದಿಯಲ್ಲಿ ರಜ್ಜುಗಳು ಹಾಯುವ ಆರು ಕೋಣೆಗಳಿವೆ. ಅವುಗಳಲ್ಲಿ ಮೊದಲನೆಯದರಲ್ಲಿ, ಹೆಬ್ಬೆರಳ ಬುಡದಿಂದ ತುಸು ಹಿಂದೆ ಎಲುಬು ಉಬ್ಬಿರುವ ಕಡೆ, ಹೆಬ್ಬೆರಳ ಎರಡು ರಜ್ಜುಗಳು ಒಂದೇ ಪೊರೆಯೊಳಗೆ ಓಡುತ್ತವೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ ನೋವು ಇದೇ ಜಾಗದ್ದು. ಕ್ಯೂಬ್ ಆಡುವ ಪ್ರತಿಯೊಬ್ಬರೂ ಕಲಿಯುವ ನಾಲ್ಕು ತಿರುವಿನ ಒಂದು ವರಸೆಯಿದೆ. ಬಲ ಮಣಿಕಟ್ಟು ಮೇಲಕ್ಕೆ ಮಡಿಯುತ್ತದೆ, ಬಲ ತೋರುಬೆರಳು ಮೇಲಿನ ಪದರವನ್ನು ಎಳೆಯುತ್ತದೆ, ಮಣಿಕಟ್ಟು ಮತ್ತೆ ಕೆಳಕ್ಕೆ, ಆಮೇಲೆ ಎಡ ತೋರುಬೆರಳು ಪದರವನ್ನು ಹಿಂದಕ್ಕೆ ತಿರುಗಿಸುತ್ತದೆ. ಆರು ಸಲ ಇದನ್ನೇ ಮಾಡಿದರೆ ಕ್ಯೂಬ್ ಮೊದಲಿದ್ದ ಸ್ಥಿತಿಗೇ ಬರುತ್ತದೆ. ಇಷ್ಟು ಹೊತ್ತೂ ಬಲ ಹೆಬ್ಬೆರಳು ಮುಂದಿನ ಮುಖವನ್ನು ಒತ್ತಿಯೇ ಹಿಡಿದಿರುತ್ತದೆ. ನೋಡುವವರ ಕಣ್ಣು ಓಡುವ ತೋರುಬೆರಳ ಮೇಲೆ, ಹೊರೆಯೆಲ್ಲ ಅಲುಗದ ಹೆಬ್ಬೆರಳ ಮೇಲೆ. ಮಣಿಕಟ್ಟು ನೇರವಿದ್ದಾಗ ರಜ್ಜು ನೇರ ಹರಿಯುತ್ತದೆ. ಮಣಿಕಟ್ಟು ಬಾಗಿದಾಗ ಅದು ಕಲ್ಲಂಚಿಗೆ ಉಜ್ಜುವ ಬಾವಿಹಗ್ಗದಂತೆ ತಿರುವಿನಲ್ಲಿ ಸವೆಯುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಾಗಿಸಿದಾಗ ಈ ಉಬ್ಬಿನ ಮೇಲೆ ಚುರುಕ್ಕೆಂದರೆ ಅನುಮಾನ ಅಲ್ಲಿಗೆ. ಆರೋಗ್ಯವಂತ ಕೈಯಲ್ಲೂ ಸ್ವಲ್ಪ ಎಳೆತ ಇದ್ದೇ ಇರುತ್ತದೆ, ಆದ್ದರಿಂದ ಎರಡೂ ಕೈಗಳನ್ನು ಹೋಲಿಸಿ ನೋಡಬೇಕು.

ರಜ್ಜುವಿನ ಸ್ವಭಾವವೇ ನಿಧಾನ. ಇದಕ್ಕೆ ಸಿಕ್ಕಿರುವ ಪುರಾವೆಯ ಹಿಂದಿನ ವಿಜ್ಞಾನಕ್ಕೆ ನ್ಯೂಜಿಲೆಂಡಿನ ನಂಟಿದೆ. ಅಣುಬಾಂಬ್ ಪರೀಕ್ಷೆಗಳಿಂದ ಐವತ್ತು-ಅರವತ್ತರ ದಶಕದಲ್ಲಿ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ-14 ಏರಿ, ಆಮೇಲೆ ಇಳಿಯುತ್ತ ಬಂತು. ಈ ಏರಿಳಿತವನ್ನು ವೆಲ್ಲಿಂಗ್ಟನ್ ಬಳಿ 1954ರಿಂದ ಅಳೆಯುತ್ತ ಬಂದಿದ್ದಾರೆ, ಗಾಳಿಯ ನೇರ ಅಳತೆಗಳಲ್ಲಿ ಇಷ್ಟು ದೀರ್ಘಕಾಲದ್ದು ಜಗತ್ತಿನಲ್ಲಿ ಬೇರೆಯಿಲ್ಲ. ಗಾಳಿಯ ಇಂಗಾಲ ಆಹಾರದ ಮೂಲಕ ಮೈಸೇರುವುದರಿಂದ ಯಾವ ಅಂಗಾಂಶ ಯಾವಾಗ ಕಟ್ಟಿತು ಎಂಬುದನ್ನು ಅದು ಹೇಳಬಲ್ಲದು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ದೊಡ್ಡ ರಜ್ಜುವನ್ನು ಹೀಗೆ ಪರೀಕ್ಷಿಸಿದಾಗ, ಅದರ ತಿರುಳು ಬದುಕಿನ ಮೊದಲ ಹದಿನೇಳು ವರ್ಷಗಳಲ್ಲಿ ಕಟ್ಟಿಕೊಂಡು ಆಮೇಲೆ ಹೆಚ್ಚುಕಡಿಮೆ ಬದಲಾಗದೆ ಉಳಿದಿತ್ತು. ಸ್ನಾಯುವಿನ ಅಂಗಾಂಶ ಹೀಗಲ್ಲ, ಅದು ಹೊಸದಾಗುತ್ತಲೇ ಇರುತ್ತದೆ. ಹಿಮ್ಮಡಿಯ ಮಾತನ್ನು ಮಣಿಕಟ್ಟಿಗೆ ಹಾಗೆಯೇ ಅಂಟಿಸಬಾರದು ಎನ್ನುವವರ ಮಾತು ಸರಿ, ರಜ್ಜುವಿನ ಹೊರಪದರವೂ ಪೊರೆಯೂ ತಿರುಳಿಗಿಂತ ಚುರುಕಾಗಿರುತ್ತವೆ. ಆದರೆ ಆ ಚುರುಕಿಗೂ ಒಂದು ವೇಳೆಯಿದೆ. ಭಾರ ಬಿದ್ದ ಮೇಲೆ ಮೊದಲ ಒಂದು, ಒಂದೂವರೆ ದಿನ ರಜ್ಜುವಿನ ಕೊಲಾಜನ್ ಕಟ್ಟುವುದಕ್ಕಿಂತ ಕಳಚುವುದೇ ಜಾಸ್ತಿ, ಆಮೇಲೆ ಮೂರನೆಯ ದಿನದವರೆಗೆ ಕಟ್ಟುವ ಕೆಲಸ ಮೇಲುಗೈ ಪಡೆಯುತ್ತದೆ. ದಿನಾ ಸಂಜೆ ಎಂಟು ಸಾವಿರ ತಿರುವು ಹಾಕುವವರು ಪ್ರತಿದಿನವೂ ಕಳಚುವ ಹೊತ್ತಿನಲ್ಲೇ ಹೊಸ ಭಾರ ಹೇರುತ್ತಾರೆ. ಬಹುಕಾಲ ನೋಯುವ ಡಿ ಕ್ವೆರ್ವೇನ್ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಉರಿಯೂತದ ಕೋಶಗಳಿಗಿಂತ ದಪ್ಪಗಾದ, ಗುಣಗೆಟ್ಟ ಅಂಗಾಂಶವೇ ಕಂಡದ್ದು ಇದಕ್ಕೆ ಹೊಂದುತ್ತದೆ. ನೋವಿನ ಮಾತ್ರೆ ನುಂಗಿ ಮತ್ತೆ ಕ್ಯೂಬ್ ಹಿಡಿಯುವುದು ಇದೇ ಕಾರಣಕ್ಕೆ ಕೆಟ್ಟ ಉಪಾಯ.

ಹಾಗಾದರೆ ಕ್ಯೂಬನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರಾಯಿತು ಎಂಬುದು ಎರಡನೆಯ ಆಕ್ಷೇಪ, ಹೆತ್ತವರಿಗೆ ತುಂಬ ಪ್ರಿಯವಾದದ್ದು. ನೋವು ಜೋರಾಗಿರುವ ಕೆಲವು ದಿನ ಅದು ಸರಿಯೇ, ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕಟ್ಟಿದರೆ ಅನುಕೂಲವೂ ಹೌದು. ಆದರೆ ವಿಶ್ರಾಂತಿ ರಜ್ಜುವನ್ನು ಬಲಪಡಿಸುವುದಿಲ್ಲ. 1998ರಲ್ಲಿ ಸ್ವೀಡನ್ನಿನ ಹಾಕನ್ ಆಲ್‌ಫ್ರೆಡ್‌ಸನ್ ಮತ್ತು ಸಂಗಡಿಗರು ನೋಯುವ ಹಿಮ್ಮಡಿಯ ರಜ್ಜುವಿಗೆ ವಿಶ್ರಾಂತಿಯ ಬದಲು ನಿಧಾನವಾದ, ಲೆಕ್ಕವಿಟ್ಟ ಭಾರವನ್ನೇ ಕೊಟ್ಟು ಆ ರೋಗಿಗಳೆಲ್ಲರನ್ನೂ ಮತ್ತೆ ಓಟಕ್ಕೆ ಹೊರಡಿಸಿದರು. ಪೊರೆಯ ನೋವಿಗೆ ಆ ವ್ಯಾಯಾಮವೇ ಮದ್ದಲ್ಲ, ಆದರೆ ಅದರ ಒಳತತ್ತ್ವ ಮಣಿಕಟ್ಟಿಗೂ ಸಲ್ಲುತ್ತದೆ. ತಿಂಗಳು ಪೂರ್ತಿ ಮುಟ್ಟದೆ ಇದ್ದು, ಸ್ಪರ್ಧೆಗೆ ವಾರವಿದೆ ಎಂದಾಗ ಹಳೆಯ ನೂರಕ್ಕೇ ಹಾರಿದರೆ ನೋವು ಮರಳುವುದು ಖಂಡಿತ. ಹತ್ತು-ಹನ್ನೆರಡು ಸಲ ಬಿಡಿಸಿ ಕೆಳಗಿಡುವುದು, ದಿನ ಬಿಟ್ಟು ದಿನ ಜೋರು ಅಭ್ಯಾಸ, ಮರುದಿನ ಬೆಳಗಿನ ನೋವು ಹಿಂದಿನ ಬೆಳಗಿಗಿಂತ ಹೆಚ್ಚಿದ್ದರೆ ಎಣಿಕೆ ಇಳಿಸುವುದು: ಇದು ಭಾರವನ್ನು ಕಾಲದ ಮೇಲೆ ಹರಡುವ ದಾರಿ. ಬಿಡುವಿನ ದಿನ ವ್ಯರ್ಥವೂ ಅಲ್ಲ. ಮುಂದಿನ ತುಂಡನ್ನು ಕಣ್ಣು ಮೊದಲೇ ಹುಡುಕುವುದನ್ನು ಆಟಗಾರರು ಲುಕ್‌ಅಹೆಡ್ ಎನ್ನುತ್ತಾರೆ, ಅದು ಕುದುರುವುದು ನಿಧಾನವಾಗಿ ತಿರುಗಿಸಿದಾಗಲೇ. ಅತಿ ಕಡಿಮೆ ತಿರುವುಗಳ ಪರಿಹಾರವನ್ನು ಒಂದು ಗಂಟೆಯೊಳಗೆ ಕಾಗದದ ಮೇಲೆ ಬರೆಯುವ ಅಧಿಕೃತ ಸ್ಪರ್ಧೆಯೇ ಇದೆ, ಅದರಲ್ಲಿ ಮಣಿಕಟ್ಟಿಗಿಂತ ತಲೆಗೆ ಕೆಲಸ ಹೆಚ್ಚು. ಒಂಟಿಗೈ ಆಟವನ್ನೂ ತೂಕದ ಏಳು ಪದರಗಳ ಕ್ಯೂಬನ್ನೂ ನೋವು ಪೂರ್ತಿ ಇಳಿಯುವ ತನಕ ದೂರವಿಡುವುದು ಒಳ್ಳೆಯದು.

ನೋವೆಲ್ಲ ಮನಸ್ಸಿನದು ಎಂಬುದು ಮೂರನೆಯ ಆಕ್ಷೇಪ. ಎಂಬತ್ತರ ದಶಕದ ನಡುವೆ ಆಸ್ಟ್ರೇಲಿಯಾದ ಕಚೇರಿಗಳಲ್ಲಿ ಕೈನೋವಿನ ದೂರುಗಳು ಹಠಾತ್ತನೆ ಏರಿ ಇಳಿದಾಗ, ಇದೆಲ್ಲ ಮನಸ್ಸಿನದು ಎಂದು ವಾದಿಸಿದ ವೈದ್ಯರಿದ್ದರು. ಆತಂಕ, ಒತ್ತಡ ನೋವನ್ನು ಹೆಚ್ಚಿಸುವುದು ನಿಜ, ಸ್ಪರ್ಧೆಯ ಹಿಂದಿನ ವಾರ ಮಕ್ಕಳ ಕೈ ಹೆಚ್ಚು ನೋಯುವುದಕ್ಕೆ ಅದೂ ಕಾರಣವಿರಬಹುದು. ಆದರೆ ಬೆರೆತಿದೆ ಎಂದರೆ ಬೇರೇನೂ ಇಲ್ಲ ಎಂದಲ್ಲ. 1713ರಷ್ಟು ಹಿಂದೆಯೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ, ಬಲಗೈ ಸೋಲುವುದೂ ಸೇರಿದಂತೆ ಗುಮಾಸ್ತರ ಕಾಯಿಲೆಗಳಿಗೆ ಬಿಡುವಿಲ್ಲದ ಒಂದೇ ಚಲನೆ, ಒಂದೇ ಭಂಗಿ, ಮನಸ್ಸಿನ ಬಿಗಿತ ಮೂರನ್ನೂ ಒಟ್ಟಿಗೇ ಹೊಣೆಮಾಡಿದ್ದ. ನನಗೆ ಇಂದಿಗೂ ಅದು ಸರಿಯಾದ ಪಟ್ಟಿಯಾಗಿಯೇ ಕಾಣುತ್ತದೆ.

ಎರಡು-ಮೂರು ವಾರಕ್ಕೂ ನೋವು ಇಳಿಯದಿದ್ದರೆ, ಅಥವಾ ರಾತ್ರಿ ಹೆಬ್ಬೆರಳಿನಿಂದ ಉಂಗುರಬೆರಳ ತನಕ ಜೋಮು ಹಿಡಿಯುತ್ತಿದ್ದರೆ ಕಾಯುತ್ತ ಕೂರಬಾರದು. ನ್ಯೂಜಿಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಲು ಜಿಪಿಯ, ಅಂದರೆ ಕುಟುಂಬ ವೈದ್ಯರ, ಚೀಟಿ ಬೇಕಿಲ್ಲ, ಕೈಗೆಂದೇ ತರಬೇತಾದ ಹ್ಯಾಂಡ್ ಥೆರಪಿಸ್ಟ್‌ಗಳೂ ಇದ್ದಾರೆ. ಎಸಿಸಿ ಹೊರದ ಖರ್ಚು ಕೈಯಿಂದಲೇ ಹೋಗಬಹುದು, ಮೊದಲೇ ಕೇಳಿಕೊಳ್ಳುವುದು ಮೇಲು. ಹೋಗುವಾಗ ಕ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ‘ಕೈ ನೋಯುತ್ತದೆ’ ಎಂದಷ್ಟೇ ಹೇಳುವ ಬದಲು ಅವರೆದುರು ಎರಡು ಸಲ ಬಿಡಿಸಿ ತೋರಿಸಿದರೆ, ಹೆಬ್ಬೆರಳು ಎಲ್ಲಿ ಒತ್ತುತ್ತಿದೆ, ಮಣಿಕಟ್ಟು ಎಷ್ಟು ಬಾಗುತ್ತಿದೆ, ಆರು ಕೋಣೆಗಳಲ್ಲಿ ಯಾವುದು ದುಡಿಯುತ್ತಿದೆ ಎಂಬುದು ಅವರ ಕಣ್ಣಿಗೇ ಬೀಳುತ್ತದೆ.