ಯಂತ್ರದ ಕೈಗೆ ಆರ್ಡರು ಒಪ್ಪಿಸುವ ಮುನ್ನ

ಬೆಳೆಗಾರ ಬಾಂಧವರಲ್ಲಿ ಕೆಲವರು ತಾವೇ ಹುರಿದು ಪುಡಿಮಾಡಿದ ಕಾಫಿಯನ್ನು ಈಗ ಆನ್‌ಲೈನ್ ಮೂಲಕ ನೇರವಾಗಿ ಗಿರಾಕಿಗಳಿಗೆ ಕಳುಹಿಸುತ್ತಿದ್ದಾರೆ. ಈ ವ್ಯವಹಾರದಲ್ಲಿ ಈಚೆಗೆ ಹೊಸತೊಂದು ಸೇರಿಕೊಂಡಿದೆ. ಗಿರಾಕಿ ತಾನೇ ಹುಡುಕುವ ಬದಲು ಆ ಕೆಲಸವನ್ನು ‘ಎಐ ಏಜೆಂಟ್’ ಎಂಬ ಯಂತ್ರದ ಗುಮಾಸ್ತನಿಗೆ ವಹಿಸುತ್ತಾನೆ. ಇದರಿಂದ ನಮಗೆ ಅನುಕೂಲವಿದೆ, ಎಚ್ಚರ ತಪ್ಪಿದರೆ ನಷ್ಟವೂ ಇದೆ. ಆದ್ದರಿಂದ ಇದರ ಮರ್ಮವನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಮಂಗಳೂರಿನ ದೇರೆಬೈಲಿನ ಮನೆಯೊಂದರಿಂದ “ಅರ್ಧ ಕಿಲೋ ಕಾಫಿಪುಡಿ ತರಿಸು” ಎಂಬ ಅಪ್ಪಣೆ ಹೋಯಿತೆಂದು ಇಟ್ಟುಕೊಳ್ಳೋಣ. ಏಜೆಂಟ್ ತಾನಾಗಿ ಅಂಗಡಿಗೆ ಹೋಗಲಾರದು. ಸರಕು ಹುಡುಕುವುದು, ಆರ್ಡರು ಖಚಿತಪಡಿಸುವುದು, ರದ್ದುಮಾಡುವುದು ಮುಂತಾದ ಒಂದೊಂದು ಕೆಲಸಕ್ಕೂ ಒಂದೊಂದು ತಂತ್ರಾಂಶ ಉಪಕರಣವನ್ನು ಅದರ ಕೈಗೆ ಕೊಟ್ಟಿರುತ್ತಾರೆ. ಪ್ರತಿ ಉಪಕರಣಕ್ಕೂ ಹೆಸರು, ವಿವರಣೆ ಮತ್ತು ತುಂಬಬೇಕಾದ ಅಂಕಣಗಳು ಇರುತ್ತವೆ. ಆಂತ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಪದ್ಧತಿಯಲ್ಲಿಯೂ ಇದೇ ಏರ್ಪಾಡು.

ತೋಟಕ್ಕೆ ಹೊಸದಾಗಿ ಬಂದ ರೈಟರಿಗೆ ಸಂಶಯ ಬಂದರೆ ಮೇಸ್ತ್ರಿಯನ್ನು ಕೇಳುತ್ತಾನೆ, ಗೋದಾಮಿಗೆ ಹೋಗಿ ನೋಡುತ್ತಾನೆ. ಏಜೆಂಟಿಗೆ ಆ ಸೌಕರ್ಯವಿಲ್ಲ. ಬರೆದಿಟ್ಟ ವಿವರಣೆಯೇ ಅದಕ್ಕೆ ಕಣ್ಣು. ವಿವರಣೆ ಅರೆಬರೆಯಾದರೆ ಅದು ಊಹೆಯಿಂದ ಕೆಲಸ ಸಾಗಿಸುತ್ತದೆ.

ಮೊದಲನೆಯದಾಗಿ ಅಳತೆ. ‘ಪ್ರಮಾಣ’ ಎಂದಷ್ಟೇ ಬರೆದ ಅಂಕಣದಲ್ಲಿ ಏಜೆಂಟ್ 500 ಎಂದು ತುಂಬಿದರೆ, ಅದು 500 ಗ್ರಾಮೇ, 500 ಪೊಟ್ಟಣವೇ? “ಪೊಟ್ಟಣಗಳ ಸಂಖ್ಯೆ, ಒಂದು ಪೊಟ್ಟಣಕ್ಕೆ 250 ಗ್ರಾಂ” ಎಂಬ ಒಂದು ಸಾಲು ಈ ತೊಡಕನ್ನು ನಿವಾರಿಸುತ್ತದೆ.

ಎರಡನೆಯದು ಸರಕಿನ ಜಾತಿ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂಬುದು ಆಹಾರ ಸುರಕ್ಷತಾ ನಿಯಮ. ಶುದ್ಧ ಪುಡಿ, ಬೆರಕೆ ಪುಡಿ ಎಂಬ ಭೇದವನ್ನೂ ಬೆರಕೆಯ ಪ್ರಮಾಣವನ್ನೂ ಬರೆಯದಿದ್ದರೆ ಏಜೆಂಟ್ ಬೆಲೆ ಕಡಿಮೆ ಇರುವುದನ್ನೇ ಆರಿಸೀತು. ಅಡಿಕೆಯಲ್ಲಿಯೂ ಹಾಗೆಯೇ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂಬ ನಮ್ಮ ಮಾತು ಯಂತ್ರಕ್ಕೆ ಅರ್ಥವಾಗುವಂತೆ ಬಿಡಿಸಿ ಹೇಳಬೇಕು.

ಮೂರನೆಯದು ವಿಳಾಸ. ಮಂಗಳೂರು ಮಹಾನಗರಪಾಲಿಕೆಯ ವಾರ್ಡುಗಳಲ್ಲಿ ದೇರೆಬೈಲಿಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ದಿಕ್ಕುಗಳು ಅಂಟಿಕೊಂಡಿವೆ. “ದೇರೆಬೈಲ್, ಮಂಗಳೂರು” ಎಂದರೆ ಸಾಲದು. ಆರು ಅಂಕೆಯ ಪಿನ್‌ಕೋಡ್, ಮನೆಯ ಹೆಸರು, ಹತ್ತಿರದ ಗುರುತು ಇವು ಇಲ್ಲದಿದ್ದರೆ ಆರ್ಡರು ಮುಂದುವರಿಸದೆ ಗಿರಾಕಿಯನ್ನು ಕೇಳಬೇಕೆಂದು ವಿವರಣೆಯಲ್ಲೇ ನಮೂದಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಓಎನ್‌ಡಿಸಿ ಎಂಬ ಮುಕ್ತ ಮಾರಾಟ ಜಾಲವು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗ್ರಾಹಕರಿಗೆ ಪ್ರಾಯೋಗಿಕವಾಗಿ ತೆರೆಯಿತು. ಅದರಲ್ಲಿ ಸರ್ಚ್, ಸೆಲೆಕ್ಟ್, ಇನಿಟ್, ಕನ್‌ಫರ್ಮ್ ಎಂಬ ಕ್ರಮದಲ್ಲಿ ಸಂದೇಶಗಳು ಸಾಗುತ್ತವೆ. ಕನ್‌ಫರ್ಮ್ ಕಳುಹಿಸಿದೊಡನೆ ಬರುವುದು ‘ಸಂದೇಶ ತಲುಪಿತು’ ಎಂಬ ಸ್ವೀಕೃತಿ ಮಾತ್ರ. ಮಾರಾಟಗಾರ ಒಪ್ಪಿದನೆಂಬ ಉತ್ತರ ‘ಆನ್ ಕನ್‌ಫರ್ಮ್’ ಎಂದು ಬೇರೆಯಾಗಿ, ಆಮೇಲೆ ಬರುತ್ತದೆ. ಸಾಲದ ಅರ್ಜಿಗೆ ಕೊಡುವ ಸ್ವೀಕೃತಿ ಚೀಟಿ ಸಾಲದ ಮಂಜೂರಾತಿಯಲ್ಲ ಎಂಬುದನ್ನು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಯಂತ್ರಕ್ಕೆ ಹೇಳಲೇಬೇಕು. ಹೇಳದಿದ್ದರೆ ಅದು ಸ್ವೀಕೃತಿಯನ್ನೇ ಒಪ್ಪಿಗೆಯೆಂದು ಗಿರಾಕಿಗೆ ತಿಳಿಸೀತು. ಇಲ್ಲವೆ ಉತ್ತರ ತಡವಾಯಿತೆಂದು ಅದೇ ಆರ್ಡರನ್ನು ಹೊಸದಾಗಿ ಎರಡನೆಯ ಸಲ ಕಳುಹಿಸೀತು. “ಉತ್ತರ ಬಾರದಿದ್ದರೆ ಮೊದಲು ಸ್ಥಿತಿ ವಿಚಾರಿಸು; ಪುನಃ ಆರ್ಡರು ಮಾಡಬೇಡ” ಎಂದು ಬರೆದಿರಬೇಕು. ಹಣ ಸಂದಾಯವಾಗುವ ಹೆಜ್ಜೆಗೆ ಮುನ್ನ ಮನುಷ್ಯನ ಒಪ್ಪಿಗೆ ಕೇಳುವಂತೆಯೂ ಇರಬೇಕು.

ದೊಡ್ಡ ವ್ಯಾಪಾರಿಗೆ ಹಿಂದಿರುಗಿ ಬಂದ ಹತ್ತು ಪೊಟ್ಟಣ ದೊಡ್ಡ ಮಾತಲ್ಲ. ಎರಡೆಕರೆಯ ಬೆಳೆಗಾರನಿಗೆ ಹಾಗಲ್ಲ. ಹೋಗಿ ಬರುವ ಸಾಗಣೆಯ ಖರ್ಚು ಅವನ ಮೇಲೆ ಬೀಳಬಹುದು. ಮಳೆಗಾಲದಲ್ಲಿ ಸುತ್ತಿ ಬಂದ ಪುಡಿಯ ಪರಿಮಳವೂ ಉಳಿಯದು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಯಂತ್ರದ್ದಾದರೂ ಹೆಸರು ಕೆಡುವುದು ಬೆಳೆಗಾರನದು.

ಹೀಗಾಗಿ ಆನ್‌ಲೈನ್ ಮಾರಾಟಕ್ಕೆ ತೊಡಗುವ ಸದಸ್ಯರು ತೂಕ, ದರ್ಜೆ, ಬೆರಕೆಯ ಪ್ರಮಾಣ, ಹುರಿದ ದಿನಾಂಕ, ಕಳುಹಿಸಲಾಗುವ ಪಿನ್‌ಕೋಡುಗಳು ಮತ್ತು ರದ್ದುಮಾಡಲು ಇರುವ ಗಡುವು ಇಷ್ಟನ್ನು ಸ್ಪಷ್ಟ ಮಾತಿನಲ್ಲಿ ಬರೆದು ತಂತ್ರಾಂಶ ಮಾಡುವವರ ಕೈಗೆ ಕೊಡಬೇಕು. ಅವರು ಬರೆದ ವಿವರಣೆಯನ್ನು ಓದಿಸಿ ಕೇಳಬೇಕು. ನಮ್ಮ ಸರಕನ್ನು ಕಾಣದ ಅಪರಿಚಿತನೊಬ್ಬ ಅದನ್ನು ಓದಿ ಸರಿಯಾದ ಆರ್ಡರು ಬರೆಯಬಲ್ಲನಾದರೆ ಯಂತ್ರವೂ ಬಹುಮಟ್ಟಿಗೆ ಬರೆಯಬಲ್ಲದು. ಅವನೇ ತಡವರಿಸಿದರೆ, ತಿದ್ದಬೇಕಾದದ್ದು ಆ ಬರವಣಿಗೆಯನ್ನು.