ಕಾರ್ಬೈಡಿನ ಹಳದಿ, ಹೆಂಡದ ಹುಳಿ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ಗುಡಿಗೆ ಬರುವವರ ಕೈಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಬಾಳೆಹಣ್ಣೂ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಹಳದಿಯಾಗಿ ತೂಗುವ ಬಾಳೆಯ ಚಿಪ್ಪು ಕಾಯಿಯ ಗೆರೆಯನ್ನು ದಾಟಿ ನಿಜಕ್ಕೂ ಹಣ್ಣಾಗಿದೆಯೇ ಎಂಬುದು ಕಣ್ಣಿಗಿಂತ ಮೂಗು ಚೆನ್ನಾಗಿ ಉತ್ತರಿಸಬಲ್ಲ ಪ್ರಶ್ನೆ. ಮೂಗು ಹಿಡಿಯುವ ಆ ವ್ಯತ್ಯಾಸದ ಹಿಂದೆ ಸಾವಯವ ರಸಾಯನಶಾಸ್ತ್ರದ ಎರಡು ಕುಟುಂಬಗಳಿವೆ: ಒಂದು ಆಲ್ಕೈನ್, ಇನ್ನೊಂದು ಆಲ್ಕೋಹಾಲ್. ಮೊದಲನೆಯದರ ಪರಿಚಿತ ಸದಸ್ಯ ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಅನಿಲವಾದರೆ, ಎರಡನೆಯದರದು ಮಧುಗಿರಿ, ಶಿರಾ, ಪಾವಗಡದ ಒಣಸೀಮೆಯಲ್ಲಿ ಈಚಲು ಮರದಿಂದ ಇಳಿಸುತ್ತಿದ್ದ ಹೆಂಡದ ಮತ್ತಿಗೆ ಕಾರಣವಾದ ಈಥೈಲ್ ಆಲ್ಕೋಹಾಲ್. ಇವೆರಡನ್ನೂ ಒಂದೇ ಲೇಖನದಲ್ಲಿ ಕೂರಿಸಲು ಪಠ್ಯಕ್ರಮದ ನೆವ ಬೇಕಿಲ್ಲ. ಎರಡರ ಕಥೆಯಲ್ಲೂ ಬರುವ ಸುಣ್ಣವೇ ಸಾಕು.

ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿವೆ ಎಂದು ಭಾವಿಸಿದರೆ, ನೆರೆಯ ಇಂಗಾಲವನ್ನು ಅದು ಒಂದು ಕೈಯಿಂದಲೂ ಹಿಡಿಯಬಹುದು, ಎರಡರಿಂದಲೂ ಹಿಡಿಯಬಹುದು, ಮೂರರಿಂದಲೂ ಹಿಡಿಯಬಹುದು. ಮೂರು ಕೈಗಳ ಹಿಡಿತಕ್ಕೆ ತ್ರಿಬಂಧವೆಂದು ಹೆಸರು. ಅದನ್ನು ಹೊಂದಿದ ಹೈಡ್ರೊಕಾರ್ಬನ್‌ಗಳೇ ಆಲ್ಕೈನ್‌ಗಳು. ಎರಡು ಇಂಗಾಲ, ಎರಡು ಹೈಡ್ರೋಜನ್ ಮಾತ್ರವಿರುವ ಈಥೈನ್ ಅವುಗಳಲ್ಲಿ ಅತ್ಯಂತ ಚಿಕ್ಕದು, ಅಸಿಟಿಲೀನ್ ಎಂಬುದು ಅದರ ಬಳಕೆಯ ಹೆಸರು. ಏಕಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. ತ್ರಿಬಂಧಕ್ಕೆ ಬೇಕಾದದ್ದು ಅದರ ಮೂರು ಪಟ್ಟಲ್ಲ, ಸುಮಾರು 839 ಮಾತ್ರ. ಅಂದರೆ ಎರಡನೆಯ ಮತ್ತು ಮೂರನೆಯ ಹಿಡಿತಗಳು ಮೊದಲನೆಯದರಷ್ಟು ಬಿಗಿಯಾಗಿಲ್ಲ. ಅವನ್ನು ಬಿಟ್ಟು ಬೇರೆ ಪರಮಾಣುಗಳನ್ನು ಹಿಡಿದರೆ ಅಣುವಿಗೆ ಲಾಭವೇ ಹೆಚ್ಚು. ಆಲ್ಕೈನ್‌ಗಳ ಚುರುಕು ಸ್ವಭಾವದ ಗುಟ್ಟು ಇಲ್ಲಿದೆ, ಆಮ್ಲಜನಕದೊಡನೆ ಉರಿದಾಗ ಅಸಿಟಿಲೀನಿನ ಜ್ವಾಲೆ 3000 ಡಿಗ್ರಿ ಸೆಲ್ಸಿಯಸ್ ಮೀರಿ ಕಬ್ಬಿಣವನ್ನು ಕರಗಿಸುವುದಕ್ಕೂ ಇದರ ಪಾಲಿದೆ.

ಎಡ್ಮಂಡ್ ಡೇವಿ 1836ರಲ್ಲಿ ಈ ಅನಿಲವನ್ನು ಮೊದಲು ಗುರುತಿಸಿದರೂ ಅದು ಪೇಟೆಗೆ ಬಂದದ್ದು ಕ್ಯಾಲ್ಸಿಯಂ ಕಾರ್ಬೈಡಿನ ಬೆನ್ನೇರಿ. ಕಾರ್ಬೈಡಿಗೆ ನೀರು ತಾಕಿದರೆ ಅಸಿಟಿಲೀನ್ ಹೊಮ್ಮುತ್ತದೆಂದು ಫ್ರೆಡ್ರಿಕ್ ವೋಲರ್ 1862ರಲ್ಲಿ ಕಂಡುಕೊಂಡಿದ್ದರು. 1892ರಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಲ್ಲಿ ಬೇರೇನನ್ನೋ ಮಾಡಲು ಹೊರಟು, ಸುಣ್ಣ ಮತ್ತು ಇಂಗಾಲದಿಂದ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ತೆರೆದರು. 64 ಗ್ರಾಂ ಶುದ್ಧ ಕಾರ್ಬೈಡಿಗೆ 36 ಗ್ರಾಂ ನೀರು ಸೇರಿದರೆ 26 ಗ್ರಾಂ ಅಸಿಟಿಲೀನ್ ಹೊರಟುಹೋಗಿ 74 ಗ್ರಾಂ ಅರಳಿದ ಸುಣ್ಣ ಉಳಿಯುತ್ತದೆ.

ರಾಸಾಯನಿಕ ಸಮತೋಲನದ ವಿಚಾರ ಮೊದಲು ಎದುರಾಗುವುದು ಕಾರ್ಬೈಡಿಗೆ ನೀರು ತಾಕಿದಾಗ ಏಳುವ ಈ ನೊರೆಯಲ್ಲೇ. ತ್ರಿಬಂಧದ ಇಂಗಾಲ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಹೆಚ್ಚು ಸೆಳೆದುಕೊಳ್ಳುವುದರಿಂದ ಅದಕ್ಕೆ ಅಂಟಿದ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಬಿಟ್ಟು ಪ್ರೋಟಾನ್ ಆಗಿ ಕಳಚಿಕೊಳ್ಳುವುದು ಬೇರೆ ಹೈಡ್ರೊಕಾರ್ಬನ್‌ಗಳಲ್ಲಿಗಿಂತ ಸುಲಭ; ಹಾಗಾಗಿ ಅಸಿಟಿಲೀನ್ ಒಂದು ಅತಿ ದುರ್ಬಲ ಆಮ್ಲ. ಕಾರ್ಬೈಡ್ ಆ ಆಮ್ಲದ ಲವಣ. ನೀರು ನಾಲಿಗೆಗೆ ಸಪ್ಪೆಯಾಗಿದ್ದರೂ ಅಸಿಟಿಲೀನಿಗಿಂತ ನೂರು ಕೋಟಿ ಪಟ್ಟಿಗೂ ಮಿಕ್ಕಿ ಪ್ರಬಲವಾದ ಆಮ್ಲ. ಹಾಗಾಗಿ ಪ್ರಬಲವಾದದ್ದು ದುರ್ಬಲವಾದದ್ದನ್ನು ಅದರ ಲವಣದಿಂದ ಹೊರದಬ್ಬುತ್ತದೆ. ತಾತ್ವಿಕವಾಗಿ ಈ ಕ್ರಿಯೆಗೆ ಹಿಂದಿರುಗುವ ದಾರಿಯೂ ಇದೆಯಾದರೂ ತಕ್ಕಡಿ ಒಂದು ಕಡೆಗೆ ವಿಪರೀತ ವಾಲಿದೆ, ಮೇಲಾಗಿ ಹುಟ್ಟಿದ ಅನಿಲ ಗಾಳಿಗೆ ಹಾರಿಹೋಗಿ ಮರಳಿ ಬರಲು ಯಾರೂ ಉಳಿದಿರುವುದಿಲ್ಲ. ಏಕಮುಖ ಕ್ರಿಯೆ ಎಂದು ಶಾಲೆಯಲ್ಲಿ ಕಲಿಸುವ ಹಲವು ಕ್ರಿಯೆಗಳು ಹೀಗೆ ವಾಲಿದ ತಕ್ಕಡಿಗಳೇ.

ಇದೇ ಕಾರ್ಬೈಡಿನ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮಾವು ಬಾಳೆಗಳ ರಾಶಿಯೊಳಗಿಟ್ಟರೆ, ಕಾಯಿಯೇ ಬಿಡುವ ತೇವ ಸಾಕಾಗಿ ಅಸಿಟಿಲೀನ್ ಹೊರಬರುತ್ತದೆ. ಹಣ್ಣು ಮಾಗಲು ಸಸ್ಯಗಳು ತಾವೇ ತಯಾರಿಸಿಕೊಳ್ಳುವ ಹಾರ್ಮೋನು ಎಥಿಲೀನ್. ಅದರಲ್ಲಿ ಇಂಗಾಲಗಳ ನಡುವೆ ಇರುವುದು ದ್ವಿಬಂಧ. ಅಸಿಟಿಲೀನ್ ಅದರ ಹತ್ತಿರದ ನೆಂಟನಾದ್ದರಿಂದ ಕಾಯಿಯ ಜೀವಕೋಶಗಳು, ಅಷ್ಟು ಚೆನ್ನಾಗಿ ಅಲ್ಲದಿದ್ದರೂ, ಅದರ ಕರೆಗೂ ಓಗೊಡುತ್ತವೆ. ಹಳ್ಳಿಯವರು ಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕುವಾಗ ಮಾಡುತ್ತಿದ್ದದ್ದು ಕಾಯಿಯದೇ ಎಥಿಲೀನ್ ಚದುರದಂತೆ ತಡೆಯುವ ಕೆಲಸ. ಹೊಗೆ ಹಾಕುವಾಗ ಹೊಗೆಯಲ್ಲಿನ ಎಥಿಲೀನೂ ನೆರವಾಗುತ್ತಿತ್ತು. ಕಾರ್ಬೈಡಿನ ದೋಷ ಅದರ ತ್ರಿಬಂಧದಲ್ಲಿಲ್ಲ, ಅದರ ಕೊಳೆಯಲ್ಲಿದೆ: ಕೈಗಾರಿಕೆಗೆಂದು ತಯಾರಾದ ಕಾರ್ಬೈಡಿನಲ್ಲಿ ರಂಜಕ ಮತ್ತು ಆರ್ಸೆನಿಕ್‌ಗಳ ಅಂಶ ಬೆರೆತಿರುತ್ತದೆ, ನೀರು ತಾಕಿದಾಗ ಅವು ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳಾಗುತ್ತವೆ. ಬೆಳ್ಳುಳ್ಳಿಯನ್ನು ನೆನಪಿಸುವ ಕಾರ್ಬೈಡಿನ ಕೆಟ್ಟ ನಾತ ಈ ಕೊಳೆಯದೇ. ಆದ್ದರಿಂದಲೇ 2011ರ ಆಹಾರ ಸುರಕ್ಷತಾ ನಿಯಮಗಳು ಹಣ್ಣು ಮಾಗಿಸಲು ಕಾರ್ಬೈಡನ್ನು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷದಲ್ಲಿ 100 ಭಾಗದ ಮಿತಿಯೊಳಗೆ ಅವಕಾಶವಿದೆ.

ಆಲ್ಕೋಹಾಲ್ ಎಂದರೆ ಮದ್ಯವೆಂದು ಬಳಕೆಯಲ್ಲಿ ನಿಂತುಹೋಗಿದ್ದರೂ ರಸಾಯನಶಾಸ್ತ್ರಕ್ಕೆ ಅದು ದೊಡ್ಡದೊಂದು ಕುಟುಂಬದ ಹೆಸರು. ಇಂಗಾಲದ ಸರಪಣಿಯ ಒಂದು ಹೈಡ್ರೋಜನ್ ಹೋಗಿ ಆ ಜಾಗದಲ್ಲಿ ಆಮ್ಲಜನಕ ಮತ್ತು ಹೈಡ್ರೋಜನ್ ಸೇರಿದ ಹೈಡ್ರಾಕ್ಸಿಲ್ ಗುಂಪು ಕುಳಿತರೆ ಆಲ್ಕೋಹಾಲ್ ಆಯಿತು; ನೀರಿನ ಅಣುವಿನ ಅರ್ಧ ಗುಣವನ್ನು ಅದು ಸರಪಣಿಗೆ ತಂದುಕೊಡುತ್ತದೆ ಎನ್ನಬಹುದು. ಹೆಚ್ಚುಕಡಿಮೆ ಒಂದೇ ತೂಕದ ಅಣುಗಳಾದ ಪ್ರೊಪೇನ್ ಮತ್ತು ಈಥೈಲ್ ಆಲ್ಕೋಹಾಲ್‌ಗಳಲ್ಲಿ ಮೊದಲನೆಯದು ಮೈನಸ್ 42 ಡಿಗ್ರಿಯಲ್ಲೇ ಕುದ್ದು ಅನಿಲವಾದರೆ ಎರಡನೆಯದು 78 ಡಿಗ್ರಿಯವರೆಗೆ ದ್ರವವಾಗಿ ಉಳಿಯುತ್ತದೆ. ಹೈಡ್ರಾಕ್ಸಿಲ್ ಗುಂಪುಗಳು ಪರಸ್ಪರ ಸೆಳೆದುಕೊಳ್ಳುವುದೇ ಅದಕ್ಕೆ ಕಾರಣ.

ಈಚಲ ಮರದ ಕುತ್ತಿಗೆಯನ್ನು ಕೆತ್ತಿ ಕಟ್ಟಿದ ಮಡಕೆಗೆ ರಾತ್ರಿಯೆಲ್ಲ ತೊಟ್ಟಿಕ್ಕುವ ರಸ ಸಿಹಿಯಾದದ್ದು, ಅದೇ ನೀರಾ. ಗಾಳಿಯಲ್ಲಿನ, ಮಡಕೆಯಲ್ಲಿನ ಯೀಸ್ಟ್‌ಗಳು ಅದರಲ್ಲಿ ಬಿದ್ದೊಡನೆ ಸಕ್ಕರೆ ಒಡೆಯತೊಡಗುತ್ತದೆ: 180 ಗ್ರಾಂ ಗ್ಲೂಕೋಸ್ ಪೂರ್ತಿಯಾಗಿ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಹೆಂಡದ ನೊರೆ ಆ ಡೈಆಕ್ಸೈಡಿನದು. ಮತ್ತೂ ಬಿಟ್ಟರೆ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕವನ್ನು ಬಳಸಿ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿಸುವುದರಿಂದ ಹೆಂಡ ಹುಳಿಯುತ್ತದೆ. ಇದನ್ನೆಲ್ಲ ತಡೆದು ನೀರಾವನ್ನು ಸಿಹಿಯಾಗಿಯೇ ಉಳಿಸಬೇಕಿದ್ದರೆ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಕ್ಷಾರದಲ್ಲಿ ಯೀಸ್ಟ್ ಕೆಲಸ ಮಾಡದು. ಕಾರ್ಬೈಡ್ ಕರಗಿದ ಮೇಲೆ ತಳದಲ್ಲಿ ಉಳಿಯುವುದೂ ಈ ಸುಣ್ಣವೇ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್. (ಜೇನಿನ ಬೆಟ್ಟ ಎಂಬ ಅರ್ಥ ಕೊಡುವ ಮಧುಗಿರಿಯ ಹೆಸರಿನಲ್ಲಿರುವ ಜೇನು ಮಾತ್ರ ಸುಣ್ಣವಿಲ್ಲದೆಯೇ ಹುದುಗದೆ ಉಳಿಯುತ್ತದೆ, ಯೀಸ್ಟ್ ಬದುಕುವಷ್ಟು ನೀರು ಮಾಗಿದ ಜೇನಿನಲ್ಲಿಲ್ಲ.)

ಕುಟುಂಬದ ಕಿರಿಯ ಸದಸ್ಯ ಮಿಥೈಲ್ ಆಲ್ಕೋಹಾಲ್ ನೋಟದಲ್ಲೂ ವಾಸನೆಯಲ್ಲೂ ಈಥೈಲ್ ಆಲ್ಕೋಹಾಲಿಗೆ ಹತ್ತಿರ. ಯಕೃತ್ತಿನ ಒಂದೇ ಕಿಣ್ವ ಎರಡನ್ನೂ ಮುಟ್ಟುತ್ತದೆ, ಆದರೆ ಈಥೈಲಿನಿಂದ ಅಸಿಟಾಲ್ಡಿಹೈಡ್ ಬಂದರೆ ಮಿಥೈಲಿನಿಂದ ಫಾರ್ಮಾಲ್ಡಿಹೈಡ್, ಮುಂದೆ ಫಾರ್ಮಿಕ್ ಆಮ್ಲ ಬಂದು ಕಣ್ಣಿನ ನರವನ್ನು ಸುಡುತ್ತದೆ. ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರರಷ್ಟು ಜನ ಸತ್ತದ್ದು, 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದ ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಒಂದೇ ಒಂದು ಇಂಗಾಲದ ಈ ಅಂತರದಿಂದ. ಮಿಥೈಲ್ ಕುಡಿದ ರೋಗಿಗೆ ವೈದ್ಯರು ಈಥೈಲ್ ಆಲ್ಕೋಹಾಲನ್ನೇ ಕೊಡುವುದುಂಟು: ಕಿಣ್ವ ಅದನ್ನೇ ಹೆಚ್ಚು ಇಷ್ಟಪಡುವುದರಿಂದ ಮಿಥೈಲ್ ಸರದಿಯಲ್ಲಿ ಹಿಂದೆ ಬಿದ್ದು ಹಾಗೆಯೇ ಮೂತ್ರದಲ್ಲಿ, ಉಸಿರಿನಲ್ಲಿ ಹೊರಟುಹೋಗುತ್ತದೆ.

ಆಲ್ಕೋಹಾಲ್ ಮತ್ತು ಆಮ್ಲ ಒಂದೇ ಪಾತ್ರೆಯಲ್ಲಿದ್ದರೆ ಅವು ಕೂಡಿ ಎಸ್ಟರ್ ಎಂಬ ಸುವಾಸನೆಯ ವಸ್ತುವನ್ನೂ ನೀರನ್ನೂ ಕೊಡುತ್ತವೆ. ಹುಟ್ಟಿದ ಎಸ್ಟರ್ ಅದೇ ನೀರಿನಿಂದ ಒಡೆದು ಮತ್ತೆ ಆಲ್ಕೋಹಾಲ್ ಮತ್ತು ಆಮ್ಲವಾಗುವುದೂ ಜೊತೆಜೊತೆಗೇ ನಡೆಯುತ್ತದೆ. ಕಟ್ಟುವ ವೇಗವೂ ಒಡೆಯುವ ವೇಗವೂ ಒಂದಾದ ಗಳಿಗೆಯಿಂದ ಪಾತ್ರೆ ಹೊರಗೆ ನಿಶ್ಚಲವಾಗಿ ಕಾಣುತ್ತದೆ, ಒಳಗೆ ಕೆಲಸ ನಿಲ್ಲುವುದಿಲ್ಲ. ಕೆರೆಗೆ ಹಳ್ಳದಿಂದ ಬರುವಷ್ಟೇ ನೀರು ಕೋಡಿಯಲ್ಲಿ ಹರಿದುಹೋಗುವಾಗ ಕೆರೆಯ ಮಟ್ಟ ಅಲುಗದಿರುವಂತೆ. ಈ ಸ್ಥಿತಿಗೆ ರಾಸಾಯನಿಕ ಸಮತೋಲನ ಎಂದು ಹೆಸರು. ಫ್ರಾನ್ಸಿನ ಬರ್ತೆಲೋ ಮತ್ತು ಪೆಯಾಂ ದ ಸಾಂ ಜಿಲ್ 1862ರ ಸುಮಾರಿನಲ್ಲಿ ಇದನ್ನೇ ಅಳೆದು, ಈಥೈಲ್ ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲವನ್ನು ಸಮಸಮ ಮೋಲ್ ಬೆರೆಸಿದರೆ ಎಷ್ಟು ಕಾದರೂ ಮೂರರಲ್ಲಿ ಎರಡು ಪಾಲು ಮಾತ್ರ ಎಸ್ಟರ್ ಆಗುತ್ತದೆಂದು ತೋರಿಸಿದರು. ಶುದ್ಧ ಎಸ್ಟರ್ ಮತ್ತು ನೀರಿನಿಂದ ಹೊರಟರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಉತ್ಪನ್ನಗಳ ಪ್ರಮಾಣಗಳ ಗುಣಲಬ್ಧವನ್ನು ಉಳಿದವುಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸುಮಾರು 4 ಎಂಬ ಸಂಖ್ಯೆ ಈ ಕ್ರಿಯೆಯ ಸಮತೋಲನ ಸ್ಥಿರಾಂಕ. ಗಂಧಕಾಮ್ಲದಂಥ ವೇಗವರ್ಧಕ ಆ ಜಾಗವನ್ನು ಬೇಗ ತಲುಪಿಸೀತು, ಜಾಗವನ್ನು ಬದಲಿಸದು. ನೀರನ್ನು ತೆಗೆದರೆ ಎಸ್ಟರ್ ಹೆಚ್ಚುತ್ತದೆ, ನೀರನ್ನು ಸುರಿದರೆ ಒಡೆಯುತ್ತದೆ. ಹೀಗೆ ಹೇರಿದ ಬದಲಾವಣೆಯನ್ನು ತಗ್ಗಿಸುವ ಕಡೆಗೇ ಸಮತೋಲನ ಸರಿಯುವುದೆಂಬ ನಿಯಮವನ್ನು ಲ ಶಾಟೆಲಿಯೆ 1884ರಲ್ಲಿ ಹೇಳಿದರು.

ಮಾಗಿದ ಬಾಳೆಯ ಗಂಧದಲ್ಲಿ ಎದ್ದು ಕಾಣುವ ಐಸೊಅಮೈಲ್ ಅಸಿಟೇಟ್ ಕೂಡ ಎಸ್ಟರ್. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ ಇರುವಾಗ, ಆಮ್ಲವನ್ನೂ ಆಲ್ಕೋಹಾಲನ್ನೂ ಸುಮ್ಮನೆ ಒಟ್ಟಿಗಿಟ್ಟರೆ ಸಮತೋಲನದ ಲೆಕ್ಕದಲ್ಲಿ ಎಸ್ಟರ್ ಹುಟ್ಟುವುದು ಅತ್ಯಲ್ಪ. ಹಣ್ಣು ಆ ಲೆಕ್ಕವನ್ನು ಮೀರುವುದು ಖರ್ಚು ಮಾಡಿ: ಆಮ್ಲದ ತುಣುಕನ್ನು ಮೊದಲು ಕೋಎಂಜೈಮ್-ಎ ಎಂಬ ಅಣುವಿಗೆ ಶಕ್ತಿ ವ್ಯಯಿಸಿ ಕಟ್ಟಿ, ಆಮೇಲೆ ಕಿಣ್ವದ ಮೂಲಕ ಆಲ್ಕೋಹಾಲಿಗೆ ದಾಟಿಸುತ್ತದೆ. ಅಂದರೆ ಪರಿಮಳವೆಂಬುದು ಕಾಯಿ ಬಲಿಯುವಾಗ ಕೂಡಿಟ್ಟ ಗಂಟಿನಿಂದ ಮಾಡುವ ವೆಚ್ಚ. ಎಳೆಯದರಲ್ಲೇ ಕಡಿದು ಕಾರ್ಬೈಡ್ ಇಟ್ಟ ಕಾಯಿಯಲ್ಲಿ ಸಿಪ್ಪೆಯ ಹಸಿರು ಒಡೆದು ಹಳದಿ ಕಾಣುತ್ತದೆ, ಅಷ್ಟಕ್ಕೆ ಗಂಟು ಬೇಕಿಲ್ಲ. ಗಂಧಕ್ಕೆ ಬೇಕಾದದ್ದು ಅದರಲ್ಲಿ ಕೂಡಿರುವುದೇ ಇಲ್ಲ. ಹಳದಿ ಚಿಪ್ಪನ್ನು ಮೂಸಿ ನೋಡಿ ಕೆಳಗಿಡುವ ಅಜ್ಜಿಯರ ಅಳತೆ ಈ ಅರ್ಥದಲ್ಲಿ ಪ್ರಯೋಗಾಲಯದ ಅಳತೆಗಿಂತ ತೀರಾ ದೂರವಿಲ್ಲ.

ಕಾರ್ಬೈಡ್ ಬಳಸುವ ವೆಲ್ಡಿಂಗ್ ಅಂಗಡಿಗಳ ಹಿಂದೆ ಸುರಿದ ಬಿಳಿಯ ಕೆಸರು ನಿಧಾನಕ್ಕೆ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಸುಣ್ಣದ ಗೂಡಿನಲ್ಲಿ ಸುಮಾರು 900 ಡಿಗ್ರಿಯ ಕಾವು ಕೊಟ್ಟು, ಡೈಆಕ್ಸೈಡನ್ನು ಹೊರಗೆ ಬಿಟ್ಟು, ಸುಣ್ಣಕಲ್ಲನ್ನು ಸುಟ್ಟಸುಣ್ಣವಾಗಿಸಿದ್ದ ಕ್ರಿಯೆ ಈಗ ತಣ್ಣನೆಯ ಗಾಳಿಯಲ್ಲಿ ಹಿಂದಕ್ಕೆ ತಿರುಗಿದೆ. ಕೆಸರು ಗಾಳಿಯಿಂದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತಿದೆ. ಹೆಂಡದ ಮಡಕೆಗಳಿಂದ ನೊರೆಯಾಗಿ ಹೊರಟದ್ದೂ ಅದೇ ಗಾಳಿಯನ್ನೇ ಸೇರಿತ್ತು.