ಫೆಬ್ರವರಿಯಲ್ಲಿ ಬಂದ ತೆಂಗಿನ ಸಸಿ

ನನ್ನ ಕೊಟ್ಟಿಗೆಯ ಗೋಡೆಯಲ್ಲಿ ಮೂರು ವರ್ಷ ಒಂದು ಔಷಧಿ ಹೊಡೆಯುವ ಪಂಪು ತೂಗುತ್ತಿತ್ತು. 16 ಲೀಟರಿನದ್ದು, ಬೆನ್ನಿಗೆ ಕಟ್ಟುವಂಥದ್ದು. 800 ರೂಪಾಯಿಗೆ ಕೊಂಡದ್ದು, ಅಂಗಡಿಯಿಂದಲ್ಲ. ಅನುದಾನದಲ್ಲಿ ಒಂದು ಕೊರಗ ಕುಟುಂಬಕ್ಕೆ ಸಿಕ್ಕಿದ್ದ ಪಂಪು ಸ್ವಲ್ಪ ದಿನದಲ್ಲೇ ನನ್ನ ಕೈಗೆ ಬಂತು. ಕೊಟ್ಟವರಿಗೆ ಅದು ಬೇಡವಾಗಿತ್ತು, ನನಗೆ ಬೇಕಿತ್ತು. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಾನು ಹೆಜಮಾಡಿಯ ಸಣ್ಣ ಕೃಷಿಕ. ಸ್ವಲ್ಪ ತೆಂಗು, ಒಂದು ಬೆಳೆ ಭತ್ತ, ಮನೆ ಎದುರು ಮಲ್ಲಿಗೆ. ಸಮುದ್ರ ಒಂದು ಕಡೆ, ಶಾಂಭವಿ ಹೊಳೆ ಇನ್ನೊಂದು ಕಡೆ. ಹೊಯ್ಗೆ ನೆಲ. ಹೊಳೆ ಬದಿಯ ಬಾವಿಗಳು ಮಾರ್ಚ್ ಬಂತೆಂದರೆ ಉಪ್ಪಾಗುತ್ತವೆ. ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ ಮುಂದಿನ ಕಥೆಯೆಲ್ಲ ನೀರಿನದ್ದೇ.

2019ರ ಜನವರಿಯಲ್ಲಿ ಹೊರಜಿಲ್ಲೆಯ ಒಂದು ಕಾಲೇಜಿನವರು ನನ್ನನ್ನು ಹುಡುಕಿಕೊಂಡು ಬಂದರು. ಕಾಲೇಜಿನ ಹೆಸರು ಇಲ್ಲಿ ಬೇಡ. ನಮ್ಮ ಕಡೆಯ 12 ಕೊರಗ ಕುಟುಂಬಗಳಿಗೆ ಗಿರಿಜನ ಉಪಯೋಜನೆಯಲ್ಲಿ ಕೃಷಿ ನೆರವು ಕೊಡಲಿಕ್ಕಿದೆ, ಸ್ಥಳೀಯ ಕೃಷಿಕರೊಬ್ಬರು ಜತೆಗಿರಬೇಕು ಎಂದರು. ನನಗೂ ಖುಷಿಯೇ. ನಮ್ಮ ಹಟ್ಟಿಗೊಬ್ಬರ ಗದ್ದೆಗೆ ಹೋದದ್ದು, ಭತ್ತ ಮನೆಗೆ ಬಂದದ್ದು ಎಲ್ಲ ಅವರು ನೇಯ್ದ ಕುಕ್ಕೆಯಲ್ಲಿ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ನಮ್ಮ ಅಜ್ಜನ ಕಾಲದಲ್ಲಿ ಅವರನ್ನು ಅಂಗಳದಿಂದ ಒಳಗೆ ಬಿಟ್ಟವರಿಲ್ಲ. ಅಜಲು ಪದ್ಧತಿಯನ್ನು ನಿಷೇಧಿಸಿ ಕಾನೂನು ಬಂದದ್ದೇ 2000ದಲ್ಲಿ. ಈ ಲೆಕ್ಕದಲ್ಲಿ ನಾವು ಸಾಲಗಾರರು.

ಹಣ ಎಲ್ಲಿಯದು

ಗಿರಿಜನ ಉಪಯೋಜನೆ ಶುರುವಾದದ್ದು ಐದನೇ ಪಂಚವಾರ್ಷಿಕ ಯೋಜನೆಯಲ್ಲಿ, 1974ರ ಸುಮಾರಿಗೆ. ಬಜೆಟಿನ ಒಂದು ಪಾಲು ಪರಿಶಿಷ್ಟ ಪಂಗಡದವರಿಗೇ ಖರ್ಚಾಗಬೇಕು ಎಂಬುದು ಅದರ ತಿರುಳು. ಕರ್ನಾಟಕದಲ್ಲಿ 2013ರಲ್ಲಿ ಇದಕ್ಕೊಂದು ಕಾಯಿದೆಯೇ ಆಯಿತು. ಕೃಷಿ ಸಂಶೋಧನಾ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರಗಳಿಗೂ ಈ ಬಾಬತ್ತಿನಲ್ಲಿ ಹಣ ಬರುತ್ತದೆ. ತರಬೇತಿ, ಸಸಿ, ಉಪಕರಣ ಕೊಡುವುದು ಅದರಲ್ಲೇ. ನಮ್ಮ ರಾಜ್ಯದಲ್ಲಿ 'ವಿಶೇಷವಾಗಿ ದುರ್ಬಲ' ಎಂದು ಗುರುತಿಸಿದ ಬುಡಕಟ್ಟುಗಳು ಎರಡೇ, ಜೇನುಕುರುಬರು ಮತ್ತು ಕೊರಗರು. ಹಾಗಾಗಿ ಉಡುಪಿ, ದಕ್ಷಿಣ ಕನ್ನಡದಲ್ಲಿ ಪಟ್ಟಿ ಮಾಡಲು ಕುಳಿತರೆ ಮೊದಲು ಬರುವ ಹೆಸರು ಕೊರಗರದ್ದು.

ಹಣ ಇಲ್ಲ ಎನ್ನುವ ಹಾಗಿಲ್ಲ. ಆದರೆ ಹಣಕ್ಕೆ ಒಂದು ಪಂಚಾಂಗ ಉಂಟು, ಮಳೆಗೆ ಬೇರೆ ಪಂಚಾಂಗ ಉಂಟು. ಹಣದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಂಜೂರಾಗಿ, ದರಪಟ್ಟಿ ತರಿಸಿ, ಖರೀದಿಯಾಗುವಾಗ ಫೆಬ್ರವರಿ. ಖರ್ಚಾಗದಿದ್ದರೆ ವಾಪಸು. ನಮ್ಮ ಊರಲ್ಲಿ ಗಿಡ ನೆಡುವುದು ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ.

ಹಾಗೆ 2019ರ ಫೆಬ್ರವರಿ 20ರ ಹೊತ್ತಿಗೆ ಸಸಿ ಬಂತು. ಮನೆಗೆ 5ರಂತೆ 60 ತೆಂಗಿನ ಸಸಿ, ಒಂದೊಂದು ಪಂಪು, ಒಂದೊಂದು ಚೀಲ ಗೊಬ್ಬರ. ಶಾಮಿಯಾನ, ಬ್ಯಾನರ್, ಭಾಷಣ, ಊಟ. ಫೋಟೋ ತೆಗೆಯುವಾಗ ಒಬ್ಬರು ಹಿರಿಯ ಹೆಂಗಸು ನನ್ನ ಹತ್ತಿರ ಮೆಲ್ಲನೆ ಕೇಳಿದರು: “ಅಣ್ಣೆರೇ, ಸಸಿ ಕೊಟ್ರಿ. ನೀರು ಎಲ್ಲಿಂದ ತರುವುದು?”

ಉತ್ತರ ನನ್ನಲ್ಲಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಎಳೆ ತೆಂಗಿಗೆ ಬೇಸಗೆಯಲ್ಲಿ 4 ದಿನಕ್ಕೊಮ್ಮೆ 45 ಲೀಟರ್ ನೀರು ಕೊಡಬೇಕೆಂದು ಶಿಫಾರಸು. ಕೊಡಪಾನಕ್ಕೆ 15 ಲೀಟರ್ ಹಿಡಿದರೆ ಒಂದು ಸಸಿಗೆ 3, ಐದಕ್ಕೆ 15 ಕೊಡ. ಜೂನ್ 10ರವರೆಗೆ ಸುಮಾರು 27 ಸಲ. ಒಂದು ಮನೆಯವರು 400 ಕೊಡಕ್ಕಿಂತ ಹೆಚ್ಚು ಹೊರಬೇಕು. ಅವರ ನಳ್ಳಿಯಲ್ಲಿ ಕುಡಿಯಲು ನೀರು ಬರುತ್ತಿದ್ದದ್ದೇ ದಿನ ಬಿಟ್ಟು ದಿನ. ಬೆಳಿಗ್ಗೆ ಕೂಲಿಗೆ ಹೋದವರು ಬರುವುದು ಸಂಜೆಗೆ.

ನಾನು ಹಾಕಿದ ಸಹಿ

ಮಾರ್ಚ್ 28ಕ್ಕೆ ಕಾಲೇಜಿನ ಗುಮಾಸ್ತರು ಕಾಗದ ತಂದರು. “ಸಸಿಗಳನ್ನು ನೆಡಲಾಗಿದೆ, ಬೆಳವಣಿಗೆ ತೃಪ್ತಿಕರ”. ಸ್ಥಳೀಯ ಕೃಷಿಕ ಎಂದು ನನ್ನ ಸಹಿ. ನಾನು ಹೋಗಿ ನೋಡಿರಲಿಲ್ಲ. ಮೂರು ದಿನದಲ್ಲಿ ಬಳಕೆ ಪ್ರಮಾಣಪತ್ರ ಹೋಗಬೇಕು ಅಂತ ಅವರು ಅವಸರದಲ್ಲಿದ್ದರು. ಹಾಕಿಬಿಟ್ಟೆ. ಪಂಪು ಕೊಂಡದ್ದೂ ಅದೇ ವಾರ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಹೋಗಿ ಎಣಿಸಿದೆ. 60ರಲ್ಲಿ ಬದುಕಿದ್ದದ್ದು 11. ಅವೆಲ್ಲ ಸರಕಾರಿ ಬಾವಿಯ ಹತ್ತಿರದ ಎರಡು, ಮೂರು ಮನೆಯವು. ಉಳಿದ ಕಡೆ ಒಣಗಿದ ಕಡ್ಡಿ. ಕೆಲವು ಸಸಿಗಳು ಪ್ಲಾಸ್ಟಿಕ್ ತೊಟ್ಟೆಯಿಂದ ಹೊರಗೇ ಬಂದಿರಲಿಲ್ಲ. ಯಾಕೆ ನೆಡಲಿಲ್ಲ ಎಂದು ಕೇಳಿದಾಗ ಒಬ್ಬ ಯುವಕ ಹೇಳಿದ: “ಜಾಗ ನಮ್ಮ ಹೆಸರಲ್ಲಿ ಇಲ್ಲ. ಫಲ ಬರುವಾಗ ಆರೇಳು ವರ್ಷ. ಆಗ ನಾವು ಇಲ್ಲಿ ಇರ್ತೇವೋ ಇಲ್ವೋ.” ಡಾ. ಮಹಮ್ಮದ್ ಪೀರ್ ವರದಿ ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಭೂಮಿ ಕೊಡಿ ಎಂದು 1994ರಲ್ಲೇ ಹೇಳಿತ್ತು. ಆ ಹುಡುಗನ ಮನೆ ಇದ್ದದ್ದು 5 ಸೆಂಟ್ಸಿನಲ್ಲಿ. ಹಕ್ಕುಪತ್ರ ಇಲ್ಲದವನಿಗೆ ತೆಂಗಿನ ಸಸಿ ಕೊಡುವುದು ಅಂದರೆ ಏನೆಂದು ನನಗೆ ಅಂದು ಗೊತ್ತಾಯಿತು.

ನಮ್ಮಲ್ಲಿ ಕೆಲವರು ಹೇಳುವುದುಂಟು, “ಅವರಿಗೆ ಕೊಟ್ಟದ್ದೆಲ್ಲ ಹಾಳು” ಅಂತ. ಫೆಬ್ರವರಿಯಲ್ಲಿ ಬೋಳು ಹೊಯ್ಗೆಯಲ್ಲಿ ನೀರಿಲ್ಲದೆ ನಾನು ನೆಟ್ಟರೂ ಅದೇ ಗತಿ. ಅಷ್ಟು ಸಾಲದ್ದಕ್ಕೆ, ಎಲ್ಲ ಚೆನ್ನಾಗಿದೆ ಎಂದು ಬರೆದುಕೊಟ್ಟವನು ನಾನೇ.

ಅಳಿಯ ಕಳಿಸಿದ ಜಾಹೀರಾತು

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಫೋನಿನಲ್ಲಿ ಈ ಕಥೆ ಹೇಳಿದಾಗ ಅವನೊಂದು ಉದ್ಯೋಗ ಜಾಹೀರಾತು ಕಳಿಸಿದ. ಅಲ್ಲಿಯ ಒಂದು ಬುಡಕಟ್ಟು ಕಾಲೇಜಿಗೆ ಕೃಷಿ ವಿಸ್ತರಣೆ ಮತ್ತು ಅನುದಾನ ನೋಡಿಕೊಳ್ಳಲು ಜನ ಬೇಕಂತೆ. ಅರ್ಜಿ ಬರೆಯುವುದು, ಲೆಕ್ಕ ಇಡುವುದು, ವರದಿ ಕಳಿಸುವುದು, ಹೊಲಗಳಿಗೆ ಹೋಗಿ ಬರುವುದು ಎಲ್ಲ ಒಬ್ಬನದೇ ಕೆಲಸ.

ಈ ಕಾಲೇಜುಗಳ ಕಥೆ ನಮಗೂ ತಿಳಿದಿರಬೇಕಾದದ್ದು. ಅಲ್ಲಿ 1862ರ ಕಾನೂನಿನಂತೆ ಕೃಷಿ ಕಾಲೇಜು ಕಟ್ಟಲು ರಾಜ್ಯಗಳಿಗೆ ಭೂಮಿ ಕೊಟ್ಟರು. ಅದು ಮೂಲನಿವಾಸಿಗಳಿಂದ ಬಂದ ಭೂಮಿಯೇ. ಆ ಬುಡಕಟ್ಟುಗಳು ತಾವೇ ನಡೆಸುವ ಮೊದಲ ಕಾಲೇಜನ್ನು ನವಾಹೋ ಜನ ತೆರೆದದ್ದು 1968ರಲ್ಲಿ. ಇಂಥ 29 ಕಾಲೇಜುಗಳು ಕೃಷಿ ಕಾಲೇಜುಗಳ ಆ ಸಾಲಿಗೆ ಸೇರಿದ್ದು 1994ರಲ್ಲಿ, ಅಂದರೆ 132 ವರ್ಷ ಕಳೆದು! ಭೂಮಿಯ ಬದಲು ಒಂದು ಮೂಲನಿಧಿ ಇಟ್ಟರು. ಅದರ ಬಡ್ಡಿ ವರ್ಷ ವರ್ಷ ಹಂಚಿಕೆಯಾಗುತ್ತದೆ. ವಿಸ್ತರಣೆ ಕೆಲಸದ ಹಣಕ್ಕೆ ಮಾತ್ರ ಪೈಪೋಟಿಯಲ್ಲಿ ಅರ್ಜಿ ಹಾಕಬೇಕು. ಸಿಗಬಹುದು, ಸಿಗದೆಯೂ ಇರಬಹುದು. ಅಲ್ಲಿಯೂ ಎಲ್ಲ ಸುಖ ಅಂತ ತಿಳಿಯುವುದು ಬೇಡ.

ನನಗೆ ಹಿಡಿಸಿದ್ದು ಬೇರೆ ವಿಷಯ. ಕಾಲೇಜು ಅವರದ್ದೇ, ಅವರ ನೆಲದಲ್ಲೇ. ಸಸಿ ಒಣಗಿದರೆ ಕೊಟ್ಟವನು ಮರುದಿನ ಅದೇ ದಾರಿಯಲ್ಲಿ ನಡೆಯಬೇಕು. ನಮ್ಮಲ್ಲಿ ಅರ್ಜಿಗೆ ಒಂದು ಕಚೇರಿ, ಖರೀದಿಗೆ ಇನ್ನೊಂದು, ವರದಿಗೆ ಮತ್ತೊಂದು. ಏಪ್ರಿಲ್ ತಿಂಗಳಲ್ಲಿ ಬಂದು ನೋಡುವವರು ಯಾರೂ ಇಲ್ಲ.

ಎರಡನೇ ಸಲ

2022ರಲ್ಲಿ ಅದೇ ಕಾಲೇಜಿನಿಂದ ಮತ್ತೆ ಬಂದರು. ಈ ಸಲ ಬಂದದ್ದು ಗುತ್ತಿಗೆ ಮೇಲಿದ್ದ ಒಬ್ಬರು ಯುವ ಅಧ್ಯಾಪಕಿ. ನಾನು ಮೊದಲೇ ಹೇಳಿದೆ, ನೋಡದೆ ಸಹಿ ಹಾಕುವುದಿಲ್ಲ, ಜನರನ್ನು ಕೇಳದೆ ಪಟ್ಟಿ ಮಾಡುವುದು ಬೇಡ. ಅವರು ಸಿಟ್ಟಾಗಲಿಲ್ಲ. ಇಬ್ಬರೂ ಮೂರು ಸಂಜೆ ಮನೆಮನೆಗೆ ಹೋದೆವು. ಸಂಜೆಯೇ ಹೋಗಬೇಕು, ಹಗಲು ಹೋದರೆ ಮುದುಕರು, ಮಕ್ಕಳು ಮಾತ್ರ ಸಿಗುತ್ತಾರೆ.

12 ಮನೆಯಲ್ಲಿ ತೆಂಗು ಬೇಕೆಂದವರು 5. ಎಲ್ಲರೂ ಹಕ್ಕುಪತ್ರ ಇದ್ದವರೇ. ಉಳಿದ 7 ಮನೆಯ ಹೆಂಗಸರು ಕೇಳಿದ್ದು ಮಲ್ಲಿಗೆ. ನಾನು ಯೋಚನೆಯೇ ಮಾಡಿರಲಿಲ್ಲ! ಅಂಗಳದಷ್ಟು ಜಾಗ ಸಾಕು, ವರ್ಷದೊಳಗೆ ಹೂ ಕಾಣುತ್ತದೆ. ಕೊಯ್ದದ್ದನ್ನು ಕಟ್ಟಿ ಕಟ್ಟೆಗೆ ಮುಟ್ಟಿಸಿದರೆ ಅಂದಂದಿನ ದರ ಶಂಕರಪುರದಿಂದ ಗೊತ್ತಾಗುತ್ತದೆ. ಒಂದು ಚೆಂಡಿಗೆ 800 ಹೂ, 4 ಚೆಂಡಿಗೆ ಒಂದು ಅಟ್ಟೆ, ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆಯವರ ಮನೆಯಲ್ಲಿ ಕೂಲಿಗೆ ಹೂ ಕೊಯ್ದವರು ಅವರು.

ಆದರೆ ಮಲ್ಲಿಗೆ ಗೆಲ್ಲಿಗೆ ಬಿಲ್ಲು ಎಲ್ಲಿಯದು? ಜಿಎಸ್‌ಟಿ ಬಿಲ್ ಇಲ್ಲದೆ ಖರೀದಿ ಆಗುವುದಿಲ್ಲ ಎಂದರು ಕಾಲೇಜಿನ ಲೆಕ್ಕದವರು. ಕೊನೆಗೆ ಗೆಲ್ಲು ನಾನು ಕೊಡುವುದು, ಅನುದಾನದಲ್ಲಿ ಮನೆಗೊಂದು 200 ಲೀಟರಿನ ಡ್ರಮ್ಮು, ಪೈಪು, ಗೊಬ್ಬರ ಕೊಡುವುದು ಅಂತ ಆಯಿತು. ಪಾತ್ರೆ ತೊಳೆದ ನೀರೂ ಡ್ರಮ್ಮಿಗೆ ಹೋಯಿತು, ಸಾಬೂನಿನ ನೀರು ಮಾತ್ರ ಬೇಡ ಎಂದೆ.

ತೆಂಗಿನ ಸಸಿ ಈ ಸಲವೂ ಮಾರ್ಚಿನಲ್ಲೇ ಬಂತು, ಅದನ್ನು ತಪ್ಪಿಸಲಾಗಲಿಲ್ಲ. 25 ಸಸಿಗಳನ್ನು ತೊಟ್ಟೆಯಲ್ಲಿದ್ದ ಹಾಗೇ ನನ್ನ ಬಾವಿಕಟ್ಟೆಯ ಹತ್ತಿರ ಮಡಲಿನ ಚಪ್ಪರದಡಿ ಇಟ್ಟೆ. ಬಳಕೆ ಪತ್ರದಲ್ಲಿ “ನೆಡಲಾಗಿದೆ” ಎಂಬುದನ್ನು ಹೊಡೆದುಹಾಕಿ “ನೆರಳಿನಲ್ಲಿ ಇಡಲಾಗಿದೆ, ಜೂನಿನಲ್ಲಿ ನೆಡುವುದು” ಎಂದು ಬರೆದು ಸಹಿ ಹಾಕಿದೆ. ಸ್ವಲ್ಪ ಗಲಾಟೆಯಾಯಿತು, ಆದರೆ ಹಣವೇನೂ ವಾಪಸು ಹೋಗಲಿಲ್ಲ.

ಮೇ ಕೊನೆಗೆ ಅವರೇ ಗುಂಡಿ ತೋಡಿದರು, ಸುಮಾರು 3 ಅಡಿ ಉದ್ದ, ಅಗಲ, ಆಳ. ಅಡಿಗೆ ತೆಂಗಿನ ಸಿಪ್ಪೆ ಎರಡು ಸಾಲು, ಹೊಟ್ಟೆ ಮೇಲೆ ಮಾಡಿ. ಅದರ ಮೇಲೆ ಮಣ್ಣು, ಹಟ್ಟಿಗೊಬ್ಬರ. ಹೊಯ್ಗೆ ನೆಲದಲ್ಲಿ ಸಿಪ್ಪೆ ಹಾಕದೆ ನೆಡುವುದು ದಂಡ, ನೀರು ನಿಲ್ಲುವುದೇ ಇಲ್ಲ. ಡಿಸೆಂಬರಿಗೆ ಪಶ್ಚಿಮದ ಬಿಸಿಲಿಗೆ ಮಡಲಿನ ಮರೆ. 24 ನೆಟ್ಟದ್ದರಲ್ಲಿ ಈಗ 21 ಉಂಟು. ಎರಡು ಕುರುವಾಯಿ ಹುಳಕ್ಕೆ ಹೋದವು, ಒಂದನ್ನು ದನ ತಿಂದಿತು.

ಮಲ್ಲಿಗೆ 7 ಮನೆಯಲ್ಲಿ ನೆಟ್ಟದ್ದು, ಚೆನ್ನಾಗಿ ನಡೆಯುತ್ತಿರುವುದು 3 ಮನೆಯಲ್ಲಿ. ಎರಡು ಕಡೆ ಮಳೆಗಾಲದಲ್ಲಿ ಬೇರು ಕೊಳೆಯಿತು, ಅಲ್ಲಿ ದಿಬ್ಬ ಮಾಡಿಸದೆ ನೆಡಿಸಿದ್ದು ನನ್ನ ತಪ್ಪು. ಇನ್ನೆರಡು ಮನೆಯವರಿಗೆ ಬೆಳಿಗ್ಗೆ ಕೊಯ್ಯಲು ಕೈ ಸಾಲದು.

ಆ ಅಧ್ಯಾಪಕಿ 2023ರ ಏಪ್ರಿಲಿನಲ್ಲಿ ಬಸ್ಸು ಹತ್ತಿ ತಮ್ಮ ಖರ್ಚಿನಲ್ಲೇ ಬಂದು ಒಂದೊಂದು ಸಸಿ ನೋಡಿಹೋದರು. ಯೋಜನೆ ಮುಗಿದಿತ್ತು, ಯೋಜನೆಯ ಜತೆ ಅವರ ಕೆಲಸವೂ ಮುಗಿದಿತ್ತು. ಈಗ ಎಲ್ಲಿದ್ದಾರೋ.

ಒಂದು ಮಾತು ಬಾಕಿ. ಕೊನೆಯ ಸಂಜೆ ಒಬ್ಬ ಅಜ್ಜ ಕೇಳಿದ್ದರು, “ಕುಕ್ಕೆ ನೇಯುವ ಬೀಳು ಈಗ ಕಾಡಿನಲ್ಲಿ ಸಿಗುವುದಿಲ್ಲ. ಅದನ್ನು ನೆಟ್ಟು ಬೆಳೆಸಲಿಕ್ಕೆ ನಿಮ್ಮ ಕಾಲೇಜಿನಲ್ಲಿ ಏನಾದರೂ ಉಂಟಾ?” ಅಧ್ಯಾಪಕಿ ಪುಸ್ತಕದಲ್ಲಿ ಬರೆದುಕೊಂಡರು. ಕಾಡುಬಳ್ಳಿಯನ್ನು ಕಡ್ಡಿಯಿಂದ ಎಬ್ಬಿಸಿ ಬೇಲಿಗೆ ಹಬ್ಬಿಸಿದ ಅನುಭವ ಓದುಗರಲ್ಲಿ ಯಾರಿಗಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ, ನಾನು ಅಜ್ಜನಿಗೆ ಮುಟ್ಟಿಸುತ್ತೇನೆ.

ಪಂಪನ್ನು 2022ರಲ್ಲಿ ಹಿಂದೆ ಕೊಟ್ಟೆ. ವಾಷರ್ ಹೋಗಿತ್ತು, 40 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಆ ಮನೆಯ ಹುಡುಗ 800 ರೂಪಾಯಿ ಎಲ್ಲಿಂದ ಕೊಡಲಿ ಎಂದ. ಬೇಡ ಎಂದೆ. ಈಗ ಅವನ ತಾಯಿ ಅದರಲ್ಲಿ ಮಲ್ಲಿಗೆಗೆ ನೀರು ಹಾಯಿಸುತ್ತಾರೆ.